ರಷ್ಯಾದಿಂದ ಬಂದವರ ಹಿಮಾಲಯ

ನಮ್ಮ ಶೈಕ್ಷಣಿಕ ಪ್ರವಾಸ ಬೆಂಗಳೂರಿಗೆ ಹೋಗಿಬಂದದ್ದು ಎಲ್ಲರಿಗೂ ಗೊತ್ತು. ವಿಧಾನಸೌಧದ ಎದುರು ತೆಗೆದ ಗ್ರೂಪ್ ಫೋಟೋ ಇನ್ನೂ ನೋಟಿಸ್ ಬೋರ್ಡಿನಲ್ಲಿದೆ. ಮಾಲ್‌ನಲ್ಲಿ ನಮಗೆ ಮೂರು ಗಂಟೆ ಸಿಕ್ಕಿತು. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಸಿಕ್ಕಿದ್ದು ಇಪ್ಪತ್ತೈದು ನಿಮಿಷ, ಅದೂ ಬಸ್ಸಿನ ಡ್ರೈವರ್ ಊಟಕ್ಕೆ ಹೋಗಿದ್ದರಿಂದ. ಮುಂದಿನ ವರ್ಷ ಈ ಲೆಕ್ಕ ತಿರುಗುಮುರುಗಾಗಬೇಕು ಎಂಬುದು ನನ್ನ ಅಭಿಪ್ರಾಯ.

ಆ ಇಪ್ಪತ್ತೈದು ನಿಮಿಷದಲ್ಲಿ ನಾನು ನೋಡಿದ್ದು ರೋರಿಕ್ ಅವರ ಚಿತ್ರಗಳನ್ನು. ಬರೀ ಬೆಟ್ಟಗಳು. ನೀಲಿಯ ಹಿಂದೆ ನೇರಳೆ, ನೇರಳೆಯ ಹಿಂದೆ ಬಿಳಿ. ಎಣ್ಣೆಬಣ್ಣದ ಹೊಳಪಿಲ್ಲ. ಅವರು ಹೆಚ್ಚಾಗಿ ಬಳಸುತ್ತಿದ್ದದ್ದು ಟೆಂಪೆರಾ ಬಣ್ಣವಂತೆ, ಅದಕ್ಕೇ ಸುಣ್ಣ ಬಳಿದ ಗೋಡೆಯ ಹಾಗೆ ತಣ್ಣಗೆ ಕಾಣುತ್ತದೆ. ಪಕ್ಕದಲ್ಲಿದ್ದ ಗೆಳೆಯ ಬೋರ್ಡಿನ ಮೇಲಿನ ಹೆಸರು ಓದಿ, "ರಷ್ಯಾದವರು ಬಂದು ನಮ್ಮ ಹಿಮಾಲಯ ಬರೆದರೆ ಅದು ಟೂರಿಸ್ಟ್ ಫೋಟೋ ತೆಗೆದ ಹಾಗೇ ಅಲ್ವಾ?" ಅಂದ. ಬಸ್ ಹೊರಟಿತು, ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತೇನೆ.

ನಿಕೋಲಸ್ ರೋರಿಕ್ ಹುಟ್ಟಿದ್ದು 1874ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆಗೆ ಮಗ ಕಾನೂನು ಓದಬೇಕೆಂಬ ಹಟ, ಮಗನಿಗೆ ಚಿತ್ರಕಲೆಯ ಹಂಬಲ. ಕೊನೆಗೆ ಎರಡಕ್ಕೂ ಒಟ್ಟಿಗೇ ಸೇರಿದರು, ಎರಡನ್ನೂ ಮುಗಿಸಿದರು. (ನಮ್ಮ ಕ್ಲಾಸಿನಲ್ಲಿ ಅಪ್ಪ ಹೇಳಿದರೆಂದು ಕಾಮರ್ಸ್ ತೆಗೆದುಕೊಂಡವರು ಎಷ್ಟು ಜನ, ಕೈ ಎತ್ತಿ.) 1913ರಲ್ಲಿ ಪ್ಯಾರಿಸ್‌ನಲ್ಲಿ ಸ್ಟ್ರಾವಿನ್‌ಸ್ಕಿಯ ಹೆಸರಾಂತ ಬ್ಯಾಲೆಗೆ ವೇಷಭೂಷಣ, ರಂಗಸಜ್ಜಿಕೆ ಮಾಡಿಕೊಟ್ಟವರು ಇವರೇ. ರಷ್ಯಾದ ಕ್ರಾಂತಿ ಆದಾಗ ಕುಟುಂಬ ಫಿನ್‌ಲೆಂಡ್ ಕಡೆ ಇತ್ತು. ಅಲ್ಲಿಂದ ಲಂಡನ್, 1920ರಲ್ಲಿ ಅಮೆರಿಕ, 1923ರ ಕೊನೆಗೆ ಭಾರತ.

ಟೂರಿಸ್ಟ್ ಆಗಿದ್ದರೆ ಡಾರ್ಜಿಲಿಂಗ್ ನೋಡಿ ವಾಪಸ್ ಹೋಗಬಹುದಿತ್ತು. ಇವರು ಹೆಂಡತಿ ಹೆಲೆನಾ ಮತ್ತು ಹಿರಿಯ ಮಗ ಯೂರಿ ಜೊತೆ 1925ರಿಂದ 1928ರವರೆಗೆ ಮಧ್ಯ ಏಷ್ಯಾ ಸುತ್ತಿದರು. ಟಿಬೆಟ್‌ನಲ್ಲಿ ಅಧಿಕಾರಿಗಳು ತಂಡವನ್ನು ತಡೆದು, ಚಳಿಗಾಲ ಪೂರ್ತಿ ಬಯಲಿನ ಡೇರೆಗಳಲ್ಲೇ ಕೂರಿಸಿದರು. ಜೊತೆಗಿದ್ದವರಲ್ಲಿ ಕೆಲವರು ಅಲ್ಲೇ ತೀರಿಕೊಂಡರು. ಸಾಮಾನು ಹೊರುವ ಪ್ರಾಣಿಗಳಲ್ಲಿ ಹೆಚ್ಚಿನವು ಸತ್ತವು. ಬ್ರಿಟಿಷರಿಗೆ ಇವರು ರಷ್ಯಾದ ಗೂಢಚಾರ ಇರಬಹುದೆಂಬ ಅನುಮಾನ ಬೇರೆ. ಅಷ್ಟಾದ ಮೇಲೂ ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ಮನೆ ಮಾಡಿದರು. ಬೆಟ್ಟದ ಗಿಡಮೂಲಿಕೆ, ಭಾಷೆಗಳನ್ನು ಅಭ್ಯಾಸ ಮಾಡಲು 'ಉರುಸ್ವತಿ' ಎಂಬ ಸಂಸ್ಥೆ ಕಟ್ಟಿದರು. 1947ರ ಡಿಸೆಂಬರ್‌ನಲ್ಲಿ, ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳಿಗೆ, ಅಲ್ಲೇ ತೀರಿಕೊಂಡರು.

ಅವರನ್ನು ಸಂತನ ಹಾಗೆ ಹೊಗಳುವವರಿದ್ದಾರೆ. ನನಗೆ ಅದು ಅಷ್ಟು ಹಿಡಿಸಲಿಲ್ಲ. ಅಮೆರಿಕದಲ್ಲಿ ಹಣ ಹಾಕಿದ ಶ್ರೀಮಂತ ಗೆಳೆಯನೇ 1935ರಲ್ಲಿ ತಿರುಗಿಬಿದ್ದ. ನ್ಯೂಯಾರ್ಕಿನ ಮ್ಯೂಸಿಯಂ ಕೈತಪ್ಪಿತು, ತೆರಿಗೆ ಕೇಸೂ ಬಿತ್ತು. ಅಕೌಂಟೆನ್ಸಿ ಓದುವ ನಮಗೆ ಇದರಲ್ಲಿ ಪಾಠವಿದೆ: ಪಾಲುದಾರಿಕೆ ಪತ್ರವನ್ನು ಸರಿಯಾಗಿ ಬರೆಸಿಕೊಳ್ಳಬೇಕು. ಆದರೆ ಅದೇ 1935ರಲ್ಲಿ ಅವರ ಹೆಸರಿನ ಒಪ್ಪಂದಕ್ಕೆ ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು. ಯುದ್ಧ ನಡೆಯುವಾಗಲೂ ಮ್ಯೂಸಿಯಂ, ಶಾಲೆ, ಸ್ಮಾರಕಗಳನ್ನು ಮುಟ್ಟಬಾರದು ಎಂಬ ಒಪ್ಪಂದ ಅದು. ಈಗಿನ ವಾರ್ತೆ ನೋಡುವವರಿಗೆ ಅದರ ಬೆಲೆ ತಿಳಿಯುತ್ತದೆ.

ಇನ್ನು ನಮ್ಮ ರಾಜ್ಯದ ನಂಟು. ಹಿರಿಯ ಮಗ ಯೂರಿ 1957ರಲ್ಲಿ ಮಾಸ್ಕೋಗೆ ಮರಳಿದರು. ಕಿರಿಯ ಮಗ ಸ್ವೆತೋಸ್ಲಾವ್ ಮರಳಲಿಲ್ಲ. ಅವರೂ ಚಿತ್ರಕಾರರೇ. ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿರುವ ನೆಹರೂ ಅವರ ಭಾವಚಿತ್ರ ಅವರದೇ ಕೈಯದು. 1945ರಲ್ಲಿ ಸಿನಿಮಾ ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ, ಮುಂದೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದರು. ಸುಗಂಧದ ಎಣ್ಣೆಗಾಗಿ ಲಿನಾಲೋ ಮರ ಬೆಳೆಸಿದರು, ಪರಿಷತ್ತಿಗೆ ಚಿತ್ರಗಳನ್ನು ಕೊಟ್ಟರು. 1993ರಲ್ಲಿ ಅವರು, ಮರುವರ್ಷ ದೇವಿಕಾರಾಣಿ ಹೋದರು. ಮಕ್ಕಳಿರಲಿಲ್ಲ. ಎಸ್ಟೇಟು ಯಾರದೆಂಬ ಜಗಳ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೂ ಹೋಗಿ, ಅದನ್ನು ಸರ್ಕಾರ ವಹಿಸಿಕೊಂಡದ್ದು ಸರಿ ಎಂದು 2011ರಲ್ಲಿ ತೀರ್ಪಾಯಿತು.

ಗೆಳೆಯನ ಪ್ರಶ್ನೆಗೆ ನನಗೆ ಸಿಕ್ಕ ಅತಿ ಗಟ್ಟಿ ಉತ್ತರ ಒಂದು ಕಾಯಿದೆಯಲ್ಲಿದೆ. ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ, 1972. ಅದರಡಿ ಒಂಬತ್ತು ಕಲಾವಿದರ ಕೃತಿಗಳನ್ನು ದೇಶದ ಕಲಾನಿಧಿ ಎಂದು ಘೋಷಿಸಲಾಗಿದೆ. ರವಿವರ್ಮ, ರವೀಂದ್ರನಾಥ ಟ್ಯಾಗೋರ್, ಅಮೃತಾ ಶೇರ್‌ಗಿಲ್ ಮುಂತಾದವರ ಸಾಲಿನಲ್ಲೇ ನಿಕೋಲಸ್ ರೋರಿಕ್ ಇದ್ದಾರೆ. ಇಲ್ಲಿರುವ ಆ ಚಿತ್ರಗಳನ್ನು ದೇಶದೊಳಗೆ ಮಾರಬಹುದು, ರಫ್ತು ಮಾಡುವಂತಿಲ್ಲ. ಬಂದವರು ರಷ್ಯಾದಿಂದ ಬಂದರು, ಅವರ ಬೆಟ್ಟಗಳು ಮಾತ್ರ ಈಗ ಗಡಿ ದಾಟುವಂತಿಲ್ಲ!

ಈ ವಿಷಯ ನನ್ನನ್ನು ಇಷ್ಟು ಹಿಡಿದುಕೊಳ್ಳಲು ಬೇರೆ ಕಾರಣವೂ ಇದೆ. ಹೋದ ವರ್ಷ ಒಂದು ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಕೊಡುವಾಗ ಅತಿಥಿಗಳೊಬ್ಬರು, "ಉರ್ದು ಮನೆಯ ಮಗು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತದೆ, ನೀವು ಮೂಲತಃ ಯಾವ ಕಡೆಯವರು?" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ನಾವು ಯಾವ ಕಡೆಯಿಂದಲೂ ಬಂದವರಲ್ಲ. ನನ್ನ ಅಬ್ಬಾ, ಅವರ ಅಬ್ಬಾ, ಅವರ ಅಬ್ಬಾ ಎಲ್ಲ ಇದೇ ತಾಲ್ಲೂಕಿನವರು. ಏನು ಹೇಳಬೇಕೆಂದು ತೋಚದೆ "ಇಲ್ಲೇ ಸರ್, ಸಂತೆಪೇಟೆ" ಅಂದೆ, ಎಲ್ಲರೂ ನಕ್ಕರು. ನಿಜವಾಗಿ ಹೊರಗಿನಿಂದ ಬಂದ ಒಬ್ಬರನ್ನು, ಬೆಟ್ಟವನ್ನು ಅಷ್ಟು ವರ್ಷ ದಿಟ್ಟಿಸಿ ನೋಡಿದರೆಂಬ ಕಾರಣಕ್ಕೆ, ಈ ದೇಶ ತನ್ನವರೆಂದು ಕಾಯಿದೆಯಲ್ಲೇ ಬರೆದುಕೊಂಡಿದೆ ಎಂದು ಓದಿದಾಗ ಆ ದಿನ ನೆನಪಾಯಿತು.

ಇನ್ನೊಂದು ಮಾತು ನಮ್ಮಲ್ಲೇ ಬರುತ್ತದೆ: ಚಿತ್ರ ಬರೆಯುವುದು ದೀನಿನಲ್ಲಿ ಸರಿಯೇ? ನಮ್ಮ ಮನೆಯ ಗೋಡೆಯ ಮೇಲೂ ಮನುಷ್ಯರ ಚಿತ್ರವಿಲ್ಲ. ಆದರೆ ಮರ, ಬೆಟ್ಟ, ನೀರು ಬರೆಯಲು ಅಡ್ಡಿಯಿಲ್ಲ ಎಂದು ಮದರಸಾದ ಉಸ್ತಾದರೇ ನನಗೆ ಹೇಳಿಕೊಟ್ಟಿದ್ದು. ಏಳನೇ ಕ್ಲಾಸಿನವರೆಗೆ ನಾನು ಬರೆದದ್ದೆಲ್ಲ ಗುಡ್ಡಗಳೇ. ಮೂರು ತ್ರಿಕೋನ, ನಡುವೆ ಸೂರ್ಯ. ಎಸ್ಸೆಸ್ಸೆಲ್ಸಿ ಬಂದ ಮೇಲೆ ಬಣ್ಣದ ಡಬ್ಬಿ ಅಟ್ಟ ಸೇರಿತು. ಪರಿಷತ್ತಿನಿಂದ ತಂದ ಬೆಟ್ಟದ ಕಾರ್ಡನ್ನು ನನ್ನ ಮೇಜಿನ ಮೇಲೆ ನೋಡಿದ ದಾದಿ, "ಇದನ್ನು ಗೋಡೆಗೆ ಹಚ್ಚಬಹುದಲ್ಲ" ಅಂದರು. ಈಗ ಅದು ಕ್ಯಾಲೆಂಡರ್ ಪಕ್ಕದಲ್ಲಿದೆ.

ಆದ್ದರಿಂದ ಪ್ರವಾಸ ಸಮಿತಿಯವರಲ್ಲಿ ನನ್ನ ಬೇಡಿಕೆ ಇಷ್ಟೇ: ಪರಿಷತ್ತಿಗೆ ಎರಡು ಗಂಟೆ ಕೊಡಿ. ಕಾಮರ್ಸ್‌ನವರಿಗೆ ಚಿತ್ರ ಯಾಕೆ ಎಂದು ಕೇಳಬೇಡಿ. ಪ್ರಿನ್ಸಿಪಾಲರ ಪೆಟ್ಟಿಗೆಗೆ ಹಾಕಲು ಮನವಿ ಬರೆದಿದ್ದೇನೆ, ಹತ್ತೊಂಬತ್ತು ಸಹಿ ಆಗಿವೆ. ಟೂರಿಸ್ಟ್ ಫೋಟೋ ಎಂದ ಆ ಗೆಳೆಯನೂ ಹಾಕಿದ್ದಾನೆ. ಸಹಿಯ ಕೆಳಗೆ ಸಣ್ಣದಾಗಿ "ಮಾಲ್ ಕೂಡ ಇರಲಿ" ಎಂದು ಬರೆದಿದ್ದಾನೆ.