ಕಾಲೇಜು ಅಧ್ಯಾಪಕರು ಮತ್ತು ಚುನಾವಣೆ: ನನ್ನ ಅಭಿಪ್ರಾಯ

ಕಾಲೇಜಿನ ಅಧ್ಯಾಪಕರು ನೌಕರಿಯಲ್ಲಿದ್ದುಕೊಂಡೇ ಚುನಾವಣೆಗೆ ನಿಲ್ಲಬಹುದೇ, ಗೆದ್ದರೆ ಎರಡನ್ನೂ ನಿಭಾಯಿಸಬಹುದೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಕೇಳಿದ್ದಾರೆ. ಅವರಲ್ಲೊಬ್ಬರು ಸ್ವತಃ ಕಾಲೇಜಿನಲ್ಲಿ ಪಾಠ ಹೇಳುವವರು. (ಹೆಸರು ಬರೆಯುವುದಿಲ್ಲ, ಗಾಬರಿ ಬೇಡ.)

ಸರ್ಕಾರಿ ಕಾಲೇಜಿನವರ ಮಟ್ಟಿಗೆ ಉತ್ತರ ಸರಳ. ನಮ್ಮ ರಾಜ್ಯದ 1966ರ ನಡತೆ ನಿಯಮಗಳೂ ಅವುಗಳ ಸ್ಥಾನದಲ್ಲಿ 2021ರಲ್ಲಿ ಬಂದ ಹೊಸ ನಿಯಮಗಳೂ ಸರ್ಕಾರಿ ನೌಕರನು ರಾಜಕೀಯದಲ್ಲಿ ತೊಡಗುವುದನ್ನು ನಿಷೇಧಿಸುತ್ತವೆ. ಮತ ಹಾಕಬಹುದು, ಅಷ್ಟೆ. ನಿಲ್ಲಬೇಕೆಂದರೆ ರಾಜೀನಾಮೆ ಕೊಟ್ಟು ಹೊರಗೆ ಬರಬೇಕು. ತೊಡಕಿರುವುದು ಅನುದಾನಿತ ಕಾಲೇಜಿನವರ ವಿಷಯದಲ್ಲಿ. ಸಂಬಳ ಬರುವುದು ಸರ್ಕಾರದ ಬೊಕ್ಕಸದಿಂದ, ನೇಮಕ ಮಾಡುವುದು ಆಡಳಿತ ಮಂಡಳಿ. ಸಂವಿಧಾನದ 191ನೆಯ ವಿಧಿ ಹೇಳುವ 'ಲಾಭದಾಯಕ ಹುದ್ದೆ' ಇದಾಗುತ್ತದೆಯೇ ಎಂಬುದಕ್ಕೆ ಎಲ್ಲ ರಾಜ್ಯಗಳಲ್ಲೂ ಒಂದೇ ಉತ್ತರವಿಲ್ಲ. ಕೇರಳದಲ್ಲಿ 1951ರ ಕಾಯಿದೆಯೊಂದು ಅನುದಾನಿತ ಶಾಲೆಯ ಶಿಕ್ಷಕರಿಗೆ ವಿನಾಯಿತಿ ಕೊಟ್ಟಿತ್ತು. 2021ರಲ್ಲಿ ಅಲ್ಲಿನ ಹೈಕೋರ್ಟ್ ಆ ವಿನಾಯಿತಿಯನ್ನು ಅಸಿಂಧುವೆಂದಿತು. ಆದರೆ ಆ ತೀರ್ಪು ಶಾಲಾ ಶಿಕ್ಷಕರನ್ನು ಕುರಿತದ್ದು.

ನಮ್ಮ ಸಂವಿಧಾನವೇ ಶಿಕ್ಷಕರನ್ನು ರಾಜಕೀಯದಿಂದ ಪೂರ್ತಿ ದೂರವಿಟ್ಟಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಎಪ್ಪತ್ತೈದು ಸದಸ್ಯರ ನಮ್ಮ ವಿಧಾನ ಪರಿಷತ್ತಿನಲ್ಲಿ ಏಳು ಸ್ಥಾನಗಳು ಶಿಕ್ಷಕರ ಕ್ಷೇತ್ರಗಳಿಗೆ ಮೀಸಲು. ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ಸಂಸ್ಥೆಗಳಲ್ಲಿ ಮೂರು ವರ್ಷವಾದರೂ ಪಾಠ ಹೇಳಿದವರು ಅಲ್ಲಿ ಮತದಾರರು. (ಪ್ರಾಥಮಿಕ ಶಾಲೆಯ ಮೇಷ್ಟರಿಗೆ ಮತವಿಲ್ಲ, ಅಕ್ಷರ ಕಲಿಸಿದವರನ್ನೇ ಹೊರಗಿಟ್ಟ ಈ ಲೆಕ್ಕ ನನಗೆ ಎಂದೂ ಹಿಡಿಸಿಲ್ಲ.) ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿಯವರು 1980ರಲ್ಲಿ ಮೊದಲ ಬಾರಿ, 2022ರಲ್ಲಿ ಎಂಟನೆಯ ಬಾರಿ ಗೆದ್ದದ್ದು ಇಂಥದೇ ಕ್ಷೇತ್ರದಿಂದ. ವಿಚಿತ್ರವೆಂದರೆ, ಈ ಕ್ಷೇತ್ರದ ಅಭ್ಯರ್ಥಿ ಶಿಕ್ಷಕನೇ ಆಗಿರಬೇಕೆಂಬ ನಿಯಮವಿಲ್ಲ. ಒಂದು ದಿನವೂ ಸೀಮೆಸುಣ್ಣ ಹಿಡಿಯದವರು ನಿಲ್ಲಬಹುದು. ಸೇವೆಯಲ್ಲಿರುವ ಸರ್ಕಾರಿ ಉಪನ್ಯಾಸಕ ನಿಲ್ಲುವಂತಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ವಕೀಲರು ಶಾಸಕರಾಗಿದ್ದುಕೊಂಡೇ ವಕಾಲತ್ತು ನಡೆಸಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವೈದ್ಯರು ತಮ್ಮ ಆಸ್ಪತ್ರೆಯನ್ನು ಮುಚ್ಚಬೇಕಾಗಿಲ್ಲ. ಕಾಲೇಜು ನಡೆಸುವ ಸಂಸ್ಥೆಯ ಅಧ್ಯಕ್ಷರೇ ಶಾಸಕರಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅಧ್ಯಾಪಕನ ಮುಂದೆ ಮಾತ್ರ ಜೀವನೋಪಾಯ ಬೇಕೋ ರಾಜಕೀಯ ಬೇಕೋ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಹೀಗಾದಾಗ ಮನೆಯಲ್ಲಿ ಜಮೀನಿದ್ದವರು, ನಿವೃತ್ತಿಗೆ ಹತ್ತಿರವಾದವರು ಧೈರ್ಯ ಮಾಡುತ್ತಾರೆ. ಸಂಬಳವನ್ನೇ ನಂಬಿದ ನಲವತ್ತರ ಪ್ರಾಯದ ಬುದ್ಧಿವಂತ ಸುಮ್ಮನಾಗುತ್ತಾನೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ.

ಹಾಗೆಂದು ಎರಡು ದೋಣಿಯಲ್ಲಿ ಕಾಲಿಡಲು ಬಿಡಬೇಕೆಂದು ನಾನು ಹೇಳಲಾರೆ. ನಾನು ಕೆಲಸ ಮಾಡುತ್ತಿದ್ದ ಊರಿನ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕರೊಬ್ಬರು ಪುರಸಭೆಗೆ ಆಯ್ಕೆಯಾಗಿದ್ದರು. ಒಳ್ಳೆಯ ಮಾತುಗಾರರು, ಓದಿಕೊಂಡವರು. ನನ್ನ ಶಾಲೆಯಿಂದ ಹೋದ ಹುಡುಗರು ಸಂಜೆ ದಾರಿಯಲ್ಲಿ ಸಿಕ್ಕಾಗ ಹೇಳುತ್ತಿದ್ದರು: "ಇವತ್ತೂ ಹಿಸ್ಟರಿ ಕ್ಲಾಸಿಲ್ಲ ಸಾರ್, ಅವರಿಗೆ ಮೀಟಿಂಗು." ಅದಾದರೂ ಇರಲಿ. ಮುಂದಿನ ಚುನಾವಣೆಯಲ್ಲಿ ಅದೇ ಹುಡುಗರು ಅವರ ಕರಪತ್ರಗಳನ್ನು ಮನೆಮನೆಗೆ ಹಂಚಿದರು. ಯಾರೂ ಬಲವಂತ ಮಾಡಲಿಲ್ಲವಂತೆ. ಆದರೆ ಆಂತರಿಕ ಅಂಕ ಯಾರ ಕೈಯಲ್ಲಿದೆಯೆಂಬುದು ಹುಡುಗರಿಗೆ ತಿಳಿಯದ್ದೇನಲ್ಲ. ಹದಿನೆಂಟು ತುಂಬಿ ಮೊದಲ ಮತ ಹಾಕುವ ಹುಡುಗನ ಎದುರು ಅವನ ಗುರುವೇ ಅಭ್ಯರ್ಥಿಯಾಗಿ ಕೈಮುಗಿದು ನಿಂತರೆ, ಆ ಮತ ಎಷ್ಟರ ಮಟ್ಟಿಗೆ ಸ್ವತಂತ್ರ?

ಆದ್ದರಿಂದಲೇ ಪುರಸಭೆ, ಪಂಚಾಯತಿಗಳಂಥ ಸಣ್ಣ ಅಧಿಕಾರ ಇದ್ದರೆ ತೊಂದರೆಯಿಲ್ಲ, ಶಾಸಕತ್ವ ಮಾತ್ರ ಕೂಡದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ವಿದ್ಯಾರ್ಥಿಯ ಮನೆ, ಅವನ ತಂದೆಯ ಅಂಗಡಿಯ ಪರವಾನಗಿ, ಬೀದಿಯ ನಲ್ಲಿ ಎಲ್ಲವೂ ಅದೇ ವಾರ್ಡಿನಲ್ಲಿರುವಾಗ ಸಣ್ಣ ಅಧಿಕಾರವೇ ಹೆಚ್ಚು ಹತ್ತಿರದಿಂದ ಒತ್ತುತ್ತದೆ.

ಜರ್ಮನಿಯಲ್ಲಿ ಒಂದು ಪದ್ಧತಿಯಿದೆ. ಸರ್ಕಾರಿ ಸೇವೆಯಲ್ಲಿರುವ ಶಿಕ್ಷಕನು ಸಂಸತ್ತಿಗೆ ಆಯ್ಕೆಯಾದರೆ ಅವನ ಸೇವೆಯ ಹಕ್ಕು ಬಾಧ್ಯತೆಗಳು ಆ ಅವಧಿಗೆ ಸ್ಥಗಿತಗೊಳ್ಳುತ್ತವೆ. ಸದಸ್ಯತ್ವ ಮುಗಿದ ಮೇಲೆ ಅವನು ಸೇವೆಗೆ ಮರಳಬಹುದು. ನಮಗೂ ಇದು ಒಪ್ಪುವಂಥದೆಂದು ನನ್ನ ಅನಿಸಿಕೆ. ಸರ್ಕಾರಿಯಿರಲಿ ಅನುದಾನಿತವಿರಲಿ, ನಾಮಪತ್ರ ಸಲ್ಲಿಸಿದ ದಿನದಿಂದ ವೇತನರಹಿತ ರಜೆ; ಸೋತರೆ ಮರಳಿ ತರಗತಿಗೆ; ಗೆದ್ದರೆ ಅವಧಿ ಮುಗಿಯುವವರೆಗೆ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಸಹಿಯಿಲ್ಲ, ಪರೀಕ್ಷೆಯ ಕೆಲಸವಿಲ್ಲ, ಸಂಬಳವೂ ಇಲ್ಲ. ಮರಳಿ ಬಂದವರು ಪಕ್ಷದ ಬಣ್ಣ ಹೊತ್ತು ತರುವುದಿಲ್ಲವೇ ಎಂದು ಕೇಳುವಿರಿ. ಬಣ್ಣವಿಲ್ಲದ ಅಧ್ಯಾಪಕರ ಕೋಣೆಯನ್ನು ನಾನಂತೂ ನೋಡಿಲ್ಲ. ಬೇಕಿದ್ದರೆ ಮೊದಲ ವರ್ಷ ಅವರಿಗೆ ಬೇರೆ ಊರಿನ ಕಾಲೇಜು ಕೊಡಲಿ.

ಒಂದು ಷರತ್ತು ಮಾತ್ರ ಸಡಿಲವಾಗಬಾರದು. ತೆರವಾದ ಜಾಗಕ್ಕೆ ಪೂರ್ಣ ವೇತನದ ಬದಲಿ ಅಧ್ಯಾಪಕರು ಬರಬೇಕು. ನಮ್ಮ ಪದವಿ ಕಾಲೇಜುಗಳಲ್ಲಿ ಈಗಲೇ ಸಾವಿರಾರು ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ತಿಳಿಯದೆ ದುಡಿಯುತ್ತಿದ್ದಾರೆ. ಒಬ್ಬರ ರಾಜಕೀಯದ ಹಂಬಲಕ್ಕಾಗಿ ಆ ಸಾಲಿಗೆ ಇನ್ನೊಬ್ಬರು ಸೇರುವುದಾದರೆ, ನನ್ನ ಮಿತ್ರರು ರಾಜೀನಾಮೆ ಕೊಟ್ಟೇ ನಿಲ್ಲಲಿ.