ಸಕ್ಕರೆಯೊಂದೇ ಅಪರಾಧಿಯಲ್ಲ

ಗಜೇಂದ್ರಗಡದ ಸೀಮೆಯ ಪುರ್ತಗೇರಿಯಲ್ಲಿ ನನ್ನ ಸೋದರಮಾವನವರ ಮನೆ. ಕಳೆದ ವರುಷ ನಾನು ಹೋದಾಗ ಅವರು ಕಟ್ಟೆಯ ಮೇಲೆ ಕುಳಿತು, “ನೋಡಪಾ ಅಳಿಯಾ, ಚಹಾಕ್ಕ ಸಕ್ಕರಿ ಬಿಟ್ಟು ಎಂಟು ವರ್ಷಾತು. ಖಾಲಿ ಹೊಟ್ಟಿ ಶುಗರ್ ನೂರಾ ಹತ್ತು ದಾಟಿಲ್ಲ” ಎಂದು ಹೆಮ್ಮೆಯಿಂದ ಚೀಟಿ ತೋರಿಸಿದರು. ಮೂರು ತಿಂಗಳು ಕಳೆಯುವುದರೊಳಗೆ ಅವರಿಗೆ ಹೃದಯಾಘಾತವಾಯಿತು. ಉಳಿದುಕೊಂಡರು, ಅದು ನಮ್ಮ ಪುಣ್ಯ. ಆ ಎಂಟು ವರುಷಗಳಲ್ಲಿ ಅವರ ರಕ್ತದ ಕೊಬ್ಬನ್ನು ಒಮ್ಮೆಯೂ ಯಾರೂ ಅಳೆದಿರಲಿಲ್ಲ. ಅಳೆಯಿರೆಂದು ನಾವೂ ಕೇಳಿರಲಿಲ್ಲ.

ಈ ಅಲಕ್ಷ್ಯಕ್ಕೆ ರೋಗದ ಹೆಸರೂ ಒಂದು ಕಾರಣವೆಂದು ನನಗನಿಸುತ್ತದೆ. ಪ್ರಾಚೀನ ವೈದ್ಯರು ಮೂತ್ರದ ಸವಿಯನ್ನು ಕಂಡು ‘ಮಧುಮೇಹ’ವೆಂದರು, ನಾವು ‘ಸಕ್ಕರೆ ರೋಗ’ವೆಂದೆವು. ಹೊರಗೆ ಕಂಡ ಲಕ್ಷಣವನ್ನೇ ರೋಗದ ಸರ್ವಸ್ವವೆಂದು ನಂಬಿದೆವು. ವಸ್ತುತಃ ಇದು ಒಂದು ಹಾರ್ಮೋನಿನ ಆಡಳಿತ ಕೆಟ್ಟುದರ ಫಲ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಬೇರ್ಪಡಿಸಿದ ಇನ್ಸುಲಿನ್, ಸಕ್ಕರೆಯನ್ನಷ್ಟೇ ಅಲ್ಲ, ಕೊಬ್ಬನ್ನೂ ಆಳುತ್ತದೆ.

ನಮ್ಮ ಹಿರಿಯರು ಹಗೇವಿನಲ್ಲಿ ಜೋಳವನ್ನು ಕೂಡಿಟ್ಟಂತೆ ದೇಹವು ಕೊಬ್ಬನ್ನು ಕೂಡಿಡುತ್ತದೆ. ಆ ಹಗೇವಿನ ಬಾಯಿ ಮುಚ್ಚಿಡುವುದು ಇನ್ಸುಲಿನ್. ಅದು ಕಡಿಮೆಯಾದರೆ, ಅಥವಾ ರಕ್ತದಲ್ಲಿ ಬೇಕಾದಷ್ಟಿದ್ದೂ ದೇಹ ಅದರ ಮಾತು ಕೇಳದಿದ್ದರೆ, ಕೊಬ್ಬು ಹೊರಹರಿದು ಯಕೃತ್ತನ್ನು ಸೇರುತ್ತದೆ. ಯಕೃತ್ತು ಅದನ್ನು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಮರಳಿಸುತ್ತದೆ. ಒಳ್ಳೆಯ ಕೊಲೆಸ್ಟೆರಾಲ್ ಇಳಿಯುತ್ತದೆ. ಕೆಟ್ಟದ್ದರ ಕಣಗಳು ಕಿರಿದಾಗಿ, ದಟ್ಟವಾಗಿ ರಕ್ತನಾಳದ ಗೋಡೆಯನ್ನು ಹೊಗುತ್ತವೆ. ಇದಕ್ಕೆ ನೋವಿಲ್ಲ, ನೀರಡಿಕೆಯಿಲ್ಲ. ಅಳೆಯದ ಹೊರತು ತಿಳಿಯುವುದೇ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ, ದೇಶದ ಮಧುಮೇಹಿಗಳು 10 ಕೋಟಿಗೂ ಮಿಕ್ಕಿದ್ದಾರೆಂದು ಅಂದಾಜು ಮಾಡಿತು. ಇವರಲ್ಲಿ ಬಹಳ ಜನರನ್ನು ಕೊನೆಗೆ ಕೊಂಡೊಯ್ಯುವುದು ಹೃದಯದ ಬೇನೆ. ಹೀಗಿರುತ್ತ, ಸಕ್ಕರೆಯ ಅಂಕಿಯೊಂದನ್ನೇ ಬರೆದ ಚೀಟಿಯನ್ನು ಆರೋಗ್ಯದ ಪ್ರಮಾಣಪತ್ರವೆಂದು ತಿಳಿಯುವುದು ಸರಿಯೆ?

ಜೋಳದ ರೊಟ್ಟಿ ಉಣ್ಣುವವರಿಗೆ ಈ ಭಯವಿಲ್ಲವೆನ್ನುವವರುಂಟು. ರೊಟ್ಟಿ ಒಳ್ಳೆಯದೇ, ಆದರೆ ಅದು ಪರೀಕ್ಷೆಗೆ ಬದಲಾಗಲಾರದು. ಮಧುಮೇಹಿಯಾದವರು ವರುಷಕ್ಕೊಮ್ಮೆಯಾದರೂ ಕೊಬ್ಬಿನ ಪರೀಕ್ಷೆ ಮಾಡಿಸಬೇಕು. ವೈದ್ಯರು ಹೇಳದಿದ್ದರೆ ನಾವೇ ಕೇಳಬೇಕು. ಕೇಳುವುದು ಉದ್ಧಟತನವಲ್ಲ.

ಮಾವನವರ ಚೀಟಿಯಲ್ಲಿ ಈಗ ಎರಡು ಲೆಕ್ಕಗಳಿವೆ. ಎರಡನೆಯದನ್ನು ಬರೆಯಿಸಲು ನಾವು ತೆತ್ತ ಬೆಲೆಯನ್ನು ಮತ್ತೊಬ್ಬರು ತೆರದಿರಲಿ.