ರಾಜರ ಕಾಗದ ಯಾರ ಸೊತ್ತು?

ಅಮೆರಿಕದ ಮೊದಲನೆಯ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತನ್ನ ಮಂತ್ರಿಗಳಿಗೆ ಬರೆದ ಕಾಗದಗಳನ್ನು ಹಾರನಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ನಾನು ಓದಬಲ್ಲೆ. ಮೈಸೂರಿನ ಮಹಾರಾಜರು ತಮ್ಮ ದಿವಾನರಿಗೆ ಬರೆದ ಕಾಗದಗಳನ್ನು ಹಾಗೆ ಓದಲಾರೆ. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. 2013ರಿಂದ ಆ ದೇಶದ ರಾಷ್ಟ್ರೀಯ ಪತ್ರಾಗಾರದವರು ತಮ್ಮ ಮೂಲಪುರುಷರ ಕಾಗದಪತ್ರಗಳನ್ನೆಲ್ಲ ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ. ಕಾಸು ಕೊಡಬೇಕಾಗಿಲ್ಲ, ಶಿಫಾರಸು ಚೀಟಿ ಬೇಕಾಗಿಲ್ಲ. ನಾನು ಹುಟ್ಟಿ ಬೆಳೆದ ಸೀಮೆಯನ್ನು ಆಳಿದವರ ಒಕ್ಕಣೆ ಮಾತ್ರ ನನಗೆ ದೂರ. ಏಳು ಸಮುದ್ರದ ಆಚೆಯವನದು ಕೈಗೆಟಕುವಷ್ಟು ಹತ್ತಿರ.

ಆ ಕಾಗದಗಳಲ್ಲಿ ಏನಿದೆಯೆಂದು ಕೇಳಬಹುದು. ಒಂದು ಉದಾಹರಣೆ ಸಾಕು. 1791ರಲ್ಲಿ ಅಲ್ಲಿನ ಕಾಂಗ್ರೆಸ್ಸು ರಾಷ್ಟ್ರೀಯ ಬ್ಯಾಂಕೊಂದನ್ನು ಸ್ಥಾಪಿಸುವ ಮಸೂದೆಯನ್ನು ಒಪ್ಪಿ ಅಧ್ಯಕ್ಷನ ರುಜುವಿಗೆ ಕಳುಹಿಸಿತು. ಸಂವಿಧಾನದಲ್ಲಿ ಇದಕ್ಕೆ ಅವಕಾಶವುಂಟೇ ಎಂದು ವಾಷಿಂಗ್ಟನ್ನನಿಗೆ ಅನುಮಾನ. ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಲಿಲ್ಲ, ಬರೆದು ಕೊಡಿರೆಂದ. ಸರ್ಕಾರದ ವಕೀಲ ರಾಂಡಾಲ್ಫ್, ವಿದೇಶಾಂಗದ ಜೆಫರ್ಸನ್ ಇಬ್ಬರೂ ಕೂಡದೆಂದು ಬರೆದರು. ಆ ಎರಡನ್ನೂ ಖಜಾನೆಯ ಹ್ಯಾಮಿಲ್ಟನ್ನನಿಗೆ ಕಳುಹಿಸಿ ಉತ್ತರ ಕೇಳಿದ. ಫೆಬ್ರವರಿ 23ರಂದು ಹ್ಯಾಮಿಲ್ಟನ್ನನ ದೀರ್ಘವಾದ ಉತ್ತರ ಬಂತು. 25ರಂದು ವಾಷಿಂಗ್ಟನ್ ರುಜು ಹಾಕಿದ. ಯಾರು ಏನೆಂದರು, ಯಾವ ವಾದ ಗೆದ್ದಿತು ಎಂಬುದನ್ನು ಇಂದಿನ ಶಾಲಾ ಹುಡುಗನೂ ಮೂಲದಲ್ಲೇ ಓದಿ, ಬೇಕಾದರೆ ಸೋತವರ ಕಡೆ ಸೇರಬಹುದು.

ಮರು ವರ್ಷ ಆ ಇಬ್ಬರು ಮಂತ್ರಿಗಳ ಜಗಳ ಬೀದಿಗೆ ಬಂತು, ಎಂದರೆ ಪತ್ರಿಕೆಗಳಿಗೆ ಬಂತು. ಆಗಸ್ಟ್ 23ರಂದು ಜೆಫರ್ಸನ್ನನಿಗೆ, 26ರಂದು ಹ್ಯಾಮಿಲ್ಟನ್ನನಿಗೆ ವಾಷಿಂಗ್ಟನ್ ಕಾಗದ ಬರೆದು, ಸ್ವಲ್ಪ ತಾಳಿಕೊಳ್ಳಿರಪ್ಪ ಎಂದು ಬೇಡಿಕೊಂಡ. ಇಬ್ಬರೂ ಸೆಪ್ಟೆಂಬರ್ 9ರಂದೇ ಉತ್ತರ ಬರೆದರು. ಇಬ್ಬರೂ ತಪ್ಪೆಲ್ಲ ಮತ್ತೊಬ್ಬನದೆಂದರು. ಒಂದೇ ಮನೆಯ ಸೊಸೆಯರ ಜಗಳ ಕಂಡವರಿಗೆ ಇದು ಹೊಸದಲ್ಲ. ಆದರೆ ನಮ್ಮಲ್ಲಾದರೆ ಇಂಥ ಕಾಗದವನ್ನು ದೊಡ್ಡವರ ಮರ್ಯಾದೆ ಹೋಗುತ್ತದೆಂದು ಸುಟ್ಟುಬಿಡಿರೆನ್ನುವವರೇ ಹೆಚ್ಚು. ಅಲ್ಲಿ ವಾಷಿಂಗ್ಟನ್ನನ ತೋಟದ ಗುಲಾಮರ 1799ರ ಪಟ್ಟಿಯೂ ಹೆಸರು ಹೆಸರಾಗಿ ಅಚ್ಚಾಗಿದೆ. ಅದರಿಂದ ಅವನ ಮರ್ಯಾದೆ ಕುಂದಿದ್ದರೆ, ಕುಂದಬೇಕಾದಷ್ಟೇ ಕುಂದಿದೆ.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡನಾಡಿನ ಅರಸನೊಬ್ಬ ತನ್ನ ಅಧಿಕಾರಿಗಳಿಗೆ ಬರೆದ ಪತ್ರಗಳ ದೊಡ್ಡ ಸಂಕಲನವೊಂದು ಅಚ್ಚಾಗಿದೆ: ಟಿಪ್ಪು ಸುಲ್ತಾನನದು. ಅಚ್ಚು ಹಾಕಿದವರಾರು? ಲಂಡನ್ನಿನಲ್ಲಿ, 1811ರಲ್ಲಿ, ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್. ಶ್ರೀರಂಗಪಟ್ಟಣ ಬಿದ್ದಮೇಲೆ ಸಿಕ್ಕಿದ ಪಾರಸಿ ಕಾಗದಗಳಿಂದ ತನಗೆ ಬೇಕಾದುವನ್ನು ಆರಿಸಿ, ಇಂಗ್ಲಿಷಿಗೆ ತಿರುಗಿಸಿ, ಹಲವು ಕಾಗದಗಳ ಕೆಳಗೆ ತನ್ನ ಟೀಕೆಯನ್ನು ಅಂಟಿಸಿದ. ಸುಲ್ತಾನನ ಸ್ವಭಾವವನ್ನು ಲೋಕಕ್ಕೆ ತೋರಿಸುವುದು ಅವನ ಉದ್ದೇಶ. ಯಾವ ಸ್ವಭಾವವೆಂದು ಹೇಳಬೇಕಾಗಿಲ್ಲವಷ್ಟೆ. ಆ ಕಾಗದಗಳಲ್ಲಿ ಕೋಪದ ಅಪ್ಪಣೆಗಳಿವೆ, ಯುದ್ಧದ ಮಾತಿದೆ. ರೇಷ್ಮೆಹುಳು ತರಿಸಿ ಸಾಕಿರೆಂಬ ಅಪ್ಪಣೆಯೂ ಇದೆ. ಇಂದು ಟಿಪ್ಪುವಿನ ಹೆಸರೆತ್ತಿದೊಡನೆ ತೋಳೇರಿಸುವ ಎರಡು ಪಕ್ಷದವರೂ ತಮ್ಮ ಸಾಕ್ಷಿಗಾಗಿ ಶತ್ರುವಿನ ಸೇನಾಧಿಕಾರಿ ಆರಿಸಿಕೊಟ್ಟ ಗಂಟನ್ನೇ ಬಿಚ್ಚುತ್ತಾರೆ. ವಾಷಿಂಗ್ಟನ್ನನ ಕಾಗದಗಳನ್ನು ಅವನ ದೇಶದ ವಿದ್ವಾಂಸರು ಆರಿಸದೆ, ಬಿಡದೆ, ಸಾಲಾಗಿ ಅಚ್ಚುಹಾಕಿದರು. ಟಿಪ್ಪುವಿನದನ್ನು ಅವನನ್ನು ಸೋಲಿಸಿದವರು ಸೋಸಿ ಕೊಟ್ಟರು.

ದಿವಾನರ ಕಾಗದಗಳಿಗೆ ಅಂಥ ಶತ್ರುವೂ ಸಿಕ್ಕಲಿಲ್ಲ!

1918ರ ಸಂಗತಿಯನ್ನೇ ನೋಡಿ. ಹಿಂದುಳಿದ ಜನಾಂಗಗಳಿಗೆ ಸರ್ಕಾರಿ ಕೆಲಸಗಳಲ್ಲಿ ತಕ್ಕ ಪಾಲು ಬೇಕೆಂಬ ಕೂಗು ಎದ್ದಿತ್ತು. ಅದಕ್ಕಾಗಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಆ ದಾರಿ ಒಪ್ಪಿಗೆಯಾಗಲಿಲ್ಲ. ವಿದ್ಯೆ ಹರಡಿದರೆ ಉಳಿದದ್ದು ತಾನೇ ಬರುತ್ತದೆಂಬುದು ಅವರ ನಿಲುವು. ಆ ವರ್ಷದ ಡಿಸೆಂಬರಿನಲ್ಲಿ ಅವರು ಅಧಿಕಾರ ಬಿಟ್ಟರು. 1919ರಲ್ಲಿ ಸಮಿತಿಯ ವರದಿ ಬಂತು. ಆ ವೇಳೆಗೆ ಕಾಂತರಾಜ ಅರಸರು ದಿವಾನರು.

ಒಬ್ಬ ದೊಡ್ಡ ಅರಸರು, ಒಬ್ಬ ದೊಡ್ಡ ಮಂತ್ರಿ, ನಡುವೆ ಇಂದಿಗೂ ನಮ್ಮ ಊರೂರಿನ ಮನೆಮನೆಯಲ್ಲಿ ಚರ್ಚೆಯಾಗುವ ಪ್ರಶ್ನೆ. ಅಂಥಲ್ಲಿ ಇಬ್ಬರೂ ಪರಸ್ಪರ ಬರೆದುದೇನು? ವಿಶ್ವೇಶ್ವರಯ್ಯನವರು ತಮ್ಮ ಕಡೆಯ ಮಾತನ್ನು 1951ರ ಆತ್ಮಕಥೆಯಲ್ಲಿ ಹೇಳಿದರು. ಮಹಾರಾಜರು ಆತ್ಮಕಥೆ ಬರೆಯಲಿಲ್ಲ. ದಿವಾನರುಗಳನ್ನು ಕುರಿತು ಡಿ.ವಿ.ಜಿ.ಯವರು ಬರೆದ ಪುಸ್ತಕ ಅಮೂಲ್ಯವಾದದ್ದು. ಆದರೆ ಅದು ನೆನಪು, ಕಡತವಲ್ಲ. ಕಡತವಿಲ್ಲದ ಕಡೆ ಕಥೆ ಬೆಳೆಯುತ್ತದೆ. ಒಂದು ಸಭೆಯಲ್ಲಿ ಸರ್ ಎಂ.ವಿ. ಬಡವರ ವೈರಿಯೆಂದು ಕೇಳುತ್ತೇನೆ. ಇನ್ನೊಂದರಲ್ಲಿ ಮಹಾರಾಜರು ಯಾರದೋ ಮಾತು ಕೇಳಿ ಕೆಟ್ಟರೆಂದು ಕೇಳುತ್ತೇನೆ. ಎರಡೂ ಸಭೆಗಳಲ್ಲಿ ಚಪ್ಪಾಳೆ ಒಂದೇ ಪ್ರಮಾಣದ್ದು.

ಕೆಲವು ವರ್ಷಗಳ ಹಿಂದೆ ನಾನೊಂದು ಕಚೇರಿಗೆ ಹೋಗಿ ಆ ಕಾಲದ ಕಡತವೊಂದನ್ನು ನೋಡಬೇಕೆಂದೆ. ಅಲ್ಲಿದ್ದವರು ಸಭ್ಯರೇ. “ಅದನ್ನು ನೋಡಿ ನಿಮಗೇನಾಗಬೇಕು ಸ್ವಾಮಿ?” ಎಂದು ಕೇಳಿದರು. ಮೂರು ಸಲ ಹೋದೆ. ಮೂರು ಸಲವೂ ಅದೇ ಪ್ರಶ್ನೆ. ಆ ಪ್ರಶ್ನೆಯೇ ಇಡೀ ರೋಗದ ನಾಡಿ. ಕಾಗದ ಕಚೇರಿಯದು, ಕೇಳುವವನು ಪರಕೀಯ ಎಂಬ ಭಾವನೆ ಬಿಟ್ಟು ಹೋಗಿಲ್ಲ.

ನಮ್ಮ ಹಿಂದಿನವರಿಗೆ ಈ ಭಾವನೆ ಇರಲಿಲ್ಲವೆಂಬುದಕ್ಕೆ ಸಾಕ್ಷಿ ನಮ್ಮೂರಿನ ಸುತ್ತಲೇ ಇದೆ. ಸುಮಾರು 1235ರಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಅಣ್ಣತಮ್ಮಂದಿರು ಹಾರನಹಳ್ಳಿಯಲ್ಲಿ ಚೆನ್ನಕೇಶವ, ಸೋಮೇಶ್ವರ ದೇವಾಲಯಗಳನ್ನು ಕಟ್ಟಿಸಿದರು. ಹೊಯ್ಸಳರ ಕಾಲದಲ್ಲಿ ಭೂಮಿ ಕೊಟ್ಟವರಾರು, ಪಡೆದವರಾರು, ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆದು, ದನ ಕಾಯುವ ಹುಡುಗನೂ ಮುಟ್ಟಿ ನೋಡುವಂತೆ ಬಯಲಿನಲ್ಲಿ ನಿಲ್ಲಿಸುತ್ತಿದ್ದರು. ಕನ್ನಡದಲ್ಲಿಯೇ ಕೊರೆಯುತ್ತಿದ್ದರು. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಅಚ್ಚು ಹಾಕಿಸಿದರು. ಹೀಗೆ ಹದಿಮೂರನೆಯ ಶತಮಾನದ ಸರ್ಕಾರದ ಮಾತು ನನಗೆ ಸಿಕ್ಕುತ್ತದೆ. ಇಪ್ಪತ್ತನೆಯ ಶತಮಾನದ್ದು ಸಿಕ್ಕುವುದಿಲ್ಲ.

ಹಳೆಯ ಗಾಯ ಕೆದಕಬಾರದು, ಜಾತಿ ಜಗಳ ಹುಟ್ಟೀತು ಎನ್ನುವವರಿದ್ದಾರೆ. ಕಡತ ಮುಚ್ಚಿಟ್ಟು ನೂರು ವರ್ಷ ದಾಟಿತು, ಜಗಳ ನಿಂತಿದೆಯೇ? ಮಂತ್ರಾಲೋಚನೆ ಗುಟ್ಟಾಗಿರಬೇಕು, ಇಲ್ಲವಾದರೆ ಮಂತ್ರಿಗಳು ಮನಸ್ಸು ಬಿಚ್ಚಿ ಬರೆಯುವುದಿಲ್ಲ ಎಂಬುದು ಇನ್ನೊಂದು ವಾದ. ಅದರಲ್ಲಿ ಹುರುಳಿದೆ, ಅಧಿಕಾರದಲ್ಲಿರುವ ಮಂತ್ರಿಮಂಡಲಕ್ಕೆ ಅಷ್ಟು ಮರೆ ಬೇಕು. ಆದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಲ್ಲಿಯೂ ಇಪ್ಪತ್ತು ವರ್ಷ ಕಳೆದ ಸಂಗತಿಗಳನ್ನು ತೆರೆಯಬೇಕೆಂದು ಹೇಳಿ, ಬೇರೆ ಕೆಲವು ಸಂಗತಿಗಳ ಜೊತೆಗೆ ಮಂತ್ರಿಮಂಡಲದ ಕಾಗದಗಳಿಗೂ ಆ ನಿಯಮದಿಂದ ವಿನಾಯಿತಿ ಕೊಟ್ಟಿದ್ದಾರೆ. ಮರೆ ಎಂಬುದಕ್ಕೆ ಒಂದು ಕಡೆ ಕೊನೆ ಬೇಡವೇ? ಮಹಾರಾಜರು 1940ರಲ್ಲಿ ತೀರಿಕೊಂಡರು, ವಿಶ್ವೇಶ್ವರಯ್ಯನವರು 1962ರಲ್ಲಿ. ಆ ಇಬ್ಬರ ಸಂಕೋಚವನ್ನು ಕಾಯುವ ಹೊಣೆ ಇನ್ನು ಯಾರ ಮೇಲೂ ಇಲ್ಲ.

ಹಣವಿಲ್ಲ, ಜನವಿಲ್ಲ ಎಂದರೆ ಒಪ್ಪುವುದು ಕಷ್ಟ. 1993ರಲ್ಲಿ ಮೈಸೂರಿನ ವಿಭಾಗೀಯ ಪತ್ರಾಗಾರದವರೇ ಅರಮನೆಯ ಕಡತಗಳಿಂದ ಸಂಗೀತಗಾರರು, ನಟರು, ಕಲಾವಿದರಿಗೆ ಸಂಬಂಧಿಸಿದುವನ್ನು ಆರಿಸಿ ಸಂಪುಟವೊಂದನ್ನು ಹೊರತಂದರು. ವಿದ್ವಾಂಸರ ಸಂಬಳದ ಲೆಕ್ಕ ಅಚ್ಚಿಗೆ ಯೋಗ್ಯವಾದರೆ, ರಾಜ್ಯದ ನೀತಿಯ ಲೆಕ್ಕ ಯಾಕಾಗಬಾರದು? ಮೂಲ ಇಂಗ್ಲಿಷಿನಲ್ಲಿದ್ದ ಕಡೆ ಎದುರು ಪುಟದಲ್ಲಿ ಕನ್ನಡ ಬರಲಿ. ಆರಿಸುವ ಕೆಲಸ ಬೇಡ, ತಾರೀಖಿನ ಕ್ರಮದಲ್ಲಿ ಇದ್ದುದೆಲ್ಲ ಬರಲಿ. ಅಡಿಯಲ್ಲಿ ಕರ್ಕ್‌ಪ್ಯಾಟ್ರಿಕ್ಕನ ಟೀಕೆಯಂಥದು ಯಾವ ಪಕ್ಷದ್ದೂ ಬೇಡ. 1881ರಲ್ಲಿ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದ ದಿನದಿಂದ ಆರಂಭಿಸುವುದು ಕ್ರಮ. ಅಷ್ಟು ಸಾವಕಾಶವಿಲ್ಲದಿದ್ದರೆ, 1918ರ ಆಗಸ್ಟಿನಿಂದ ಡಿಸೆಂಬರಿನವರೆಗಿನ ಕಟ್ಟನ್ನು ಮೊದಲು ಬಿಚ್ಚಲಿ.